ಟ್ಯುಟೋರಿಯಲ್ ಬರೆದ್ರೆ ಸಾಲ್ದು, ಓಡಿಸಿ ನೋಡ್ಬೇಕು: ನನ್ನ ಅನುಭವ

ನಾವೊಂದಷ್ಟು ಜನ ಸೇರಿ ಗಿಟ್‌ಹಬ್ ಅನ್ನೋ ಕೋಡ್ ಹಂಚ್ಕೊಳ್ಳೋ ಸೈಟ್‌ನಲ್ಲಿ ಒಂದು ರೆಪೊ (ಎಲ್ಲರೂ ಸೇರಿ ತಿದ್ದೋ ಫೈಲ್‌ಗಳ ಜಾಗ) ನಡೆಸ್ತಾ ಇದೀವಿ, ಪೈಥಾನ್ ಕಲಿಯೋ ಬಿಸಿಎ, ಡಿಪ್ಲೊಮಾ ಹುಡುಗ್ರಿಗೆ ಕನ್ನಡದಲ್ಲಿ ಟ್ಯುಟೋರಿಯಲ್‌ಗಳು, ಎಲ್ಲಾ ಜುಪಿಟರ್ ನೋಟ್‌ಬುಕ್, ಅಂದ್ರೆ ಮಾತು, ಕೋಡ್, ಅದರ ಉತ್ತರ ಎಲ್ಲಾ ಒಂದೇ ಫೈಲಲ್ಲಿ. ನಾನು ಕೋಲಾರದವನು, ಹಗಲು ಕಂಪನಿ ಕೆಲಸ, ರಾತ್ರಿ ಇದು. ನನ್ನ ಪಾಲಿಗೆ ಬಂದಿದ್ದು ಸಿಎಸ್‌ವಿ (ಕಾಮಾ ಹಾಕಿ ಬರೆದ ಟೇಬಲ್) ಫೈಲ್ ಓದೋದು, ಕ್ಲೀನ್ ಮಾಡೋದು, ಕೊನೆಗೊಂದು ಗ್ರಾಫ್. ಉದಾಹರಣೆಗೆ ಏನು ತಗೊಳ್ಳೋದು ಅಂತ ತಲೆ ಕೆಡಿಸ್ಕೊಳ್ಳಲೇ ಇಲ್ಲ, ಕೋಲಾರದವನು ಅಂದ್ಮೇಲೆ ಟೊಮೆಟೊ. ಬೇರೆ ಕಡೆ ಪಾಠಗಳಲ್ಲೆಲ್ಲ ಟೈಟಾನಿಕ್ ಹಡಗಲ್ಲಿ ಯಾರು ಬದುಕಿದ್ರು, ಐರಿಸ್ ಹೂವಿನ ಎಸಳು ಎಷ್ಟುದ್ದ ಅಂತ ಇರತ್ತೆ, ಬಂದ ಉತ್ತರ ಸರೀನಾ ತಪ್ಪಾ ಅಂತ ನಮ್ಮ ಹುಡುಗ್ರಿಗೆ ಅಂದಾಜೇ ಸಿಗಲ್ಲ. ಅದೇ 15 ಕೆಜಿ ಬಾಕ್ಸ್ 300 ರೂಪಾಯಿ ಅಂದ್ರೆ ಕ್ವಿಂಟಾಲ್‌ಗೆ 2,000 ಅಂತ ಮಂಡಿಗೆ ಹೋಗಿ ಬಂದಿರೋರು ಬಾಯಲ್ಲೇ ಹೇಳ್ತಾರೆ.

ಈ ಬಾಕ್ಸ್-ಕ್ವಿಂಟಾಲ್ ವಿಷ್ಯಾನೇ ಒಂದು ಪಾಠ ಆಯ್ತು. ನಮ್ಮ ಎಪಿಎಂಸಿಯಲ್ಲಿ ಮಾತೆಲ್ಲ ಬಾಕ್ಸ್ ಲೆಕ್ಕದಲ್ಲಿ, ಸರ್ಕಾರದ ಮಂಡಿ ರೇಟ್ ಸೈಟ್ ಆಗ್‌ಮಾರ್ಕ್‌ನೆಟ್‌ನಲ್ಲಿ ರೇಟ್ ಬರೋದು ಕ್ವಿಂಟಾಲ್ ಲೆಕ್ಕದಲ್ಲಿ. ಎರಡನ್ನೂ ಒಂದೇ ಕಾಲಂಗೆ ತುಂಬಿದ್ರೆ ಪೈಥಾನ್ ತುಟಿಪಿಟಕ್ ಅನ್ನಲ್ಲ. ನಂಬರ್ ನೋಡಿ ಕಂಡುಹಿಡೀತೀನಿ ಅಂದ್ರೂ ಆಗಲ್ಲ, ಯಾಕಂದ್ರೆ 2,000 ಅನ್ನೋದು ಸಾಧಾರಣ ದಿನದಲ್ಲಿ ಕ್ವಿಂಟಾಲ್ ರೇಟ್ ಇರಬಹುದು, 2023ರ ಜುಲೈನಲ್ಲಿ ಒಂದು ಬಾಕ್ಸೇ 2,000 ದಾಟಿತ್ತು. ಅದಕ್ಕೆ ಕಾಲಂ ಹೆಸರಲ್ಲೇ ಯೂನಿಟ್ ಹಾಕಿಸ್ತೀನಿ, ಬರೀ ರೇಟ್ ಅಂತಿದ್ರೆ ರಿವ್ಯೂನಲ್ಲಿ ವಾಪಸ್ ಕಳಿಸ್ತೀನಿ. ಸ್ಯಾಂಪಲ್ ಡೇಟಾ ನಾನೇ ಕೂತು ಮಾಡಿದ್ದು, ಇದು ನಿಜವಾದ ರೇಟ್ ಅಲ್ಲ ಅಂತ ಮೇಲ್ಗಡೇನೇ ಬರೆದಿದೆ, ಫೈಲು ರೆಪೊ ಒಳಗೇ ಇದೆ. ಎಲ್ಲೋ ಇರೋ ಲಿಂಕಿಂದ ಡೌನ್‌ಲೋಡ್ ಮಾಡ್ಕೊಳ್ಳಿ ಅಂತ ಬರೆದ ಪಾಠ ಆ ಲಿಂಕ್ ಸತ್ತ ದಿನ ತಾನೂ ಸಾಯತ್ತೆ.

ಬರೆಯೋ ಕ್ರಮ ಏನೂ ದೊಡ್ಡದಲ್ಲ. ಮೊದ್ಲು ಕೋಡ್ ಪೂರ್ತಿ ಓಡೋ ಹಾಗೆ ಮಾಡ್ಕೋತೀನಿ, ಆಮೇಲೆ ಅದನ್ನ ಬಿಡಿಸಿ ಮಧ್ಯೆ ಮಧ್ಯೆ ಮಾತು ಸೇರಿಸ್ತೀನಿ. ಎರರ್ ಮೆಸೇಜ್ ಮಾತ್ರ ಸ್ಕ್ರೀನ್ ಮೇಲೆ ಹೇಗೆ ಬರತ್ತೋ ಹಾಗೇ ಬಿಡ್ತೀನಿ, ಹುಡುಗ್ರು ಅದನ್ನೇ ಸರ್ಚ್ ಮಾಡೋದು.

ಟೆಸ್ಟ್ ವಿಷ್ಯಕ್ಕೆ ಬರ್ತೀನಿ. ಜುಪಿಟರ್‌ನಲ್ಲಿ ಸೆಲ್‌ಗಳನ್ನ (ಕೋಡಿನ ತುಂಡುಗಳನ್ನ) ಹಿಂದೆ ಮುಂದೆ ಹೇಗೆ ಬೇಕಾದ್ರೂ ರನ್ ಮಾಡಬಹುದು, ಮೇಲಿನ ಸೆಲ್ ಡಿಲೀಟ್ ಮಾಡಿದ್ರೂ ಅದರ ವೇರಿಯಬಲ್ ಮೆಮೊರಿಯಲ್ಲಿ ಉಳ್ಕೊಂಡಿರತ್ತೆ, ಬರೆದವರ ಲ್ಯಾಪ್‌ಟಾಪ್‌ನಲ್ಲಿ ಸೊಗಸಾಗಿ ಓಡತ್ತೆ, ಓದೋರ ಹತ್ರ ನೇಮ್‌ಎರರ್, ಅಂದ್ರೆ ಆ ಹೆಸರಿನ ವೇರಿಯಬಲ್ಲೇ ಇಲ್ಲ ಅನ್ನತ್ತೆ. ಹಾಗಾಗಿ ಯಾರೇ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಕಳಿಸ್ಲಿ, ಗಿಟ್‌ಹಬ್ ಆಕ್ಷನ್ಸ್ ಅನ್ನೋ ತಾನಾಗೇ ಟೆಸ್ಟ್ ಓಡಿಸೋ ಸೌಲಭ್ಯ ಹೊಸ ಮೆಷಿನ್ ಎತ್ಕೊಂಡು, ಪೈಟೆಸ್ಟ್ ಅನ್ನೋ ಟೆಸ್ಟ್ ಟೂಲ್‌ಗೆ ಎನ್‌ಬಿಮೇಕ್ ಪ್ಲಗಿನ್ ಹಾಕಿ ನೋಟ್‌ಬುಕ್‌ನ ಮೇಲಿಂದ ಕೆಳಗಿನವರೆಗೆ ಓಡಿಸತ್ತೆ. ಆದ್ರೆ ಇದಕ್ಕೆ ಗೊತ್ತಾಗೋದು ಕೋಡ್ ಒಡೆದುಹೋಯ್ತಾ ಇಲ್ವಾ ಅಂತ ಅಷ್ಟೇ, ಉತ್ತರ ಸರಿ ಇದ್ಯಾ ಅಂತ ಅಲ್ಲ. ಅದಕ್ಕೆ ಮುಖ್ಯವಾದ ಜಾಗದಲ್ಲೆಲ್ಲ ಒಂದು ಅಸರ್ಟ್ ಸಾಲು ಇಡ್ತೀನಿ, 300 ಕೊಟ್ರೆ 2,000 ಬರ್ಬೇಕು ಅಂತ. ಕೆಲವರು ಅದನ್ನ ಬಚ್ಚಿಡೋಣ, ಓದೋರಿಗೆ ಗೊಂದಲ ಅಂತಾರೆ. ನಾನು ಒಪ್ಪಲ್ಲ, "ಇಲ್ಲಿವರೆಗೂ ಸರಿ ಇದೀರಾ ಚೆಕ್ ಮಾಡ್ಕೊಳ್ಳಿ" ಅಂತ ಕಾಣೋ ಹಾಗೇ ಇಡ್ತೀನಿ, ಓದೋರಿಗೂ ಧೈರ್ಯ ಬರತ್ತೆ.

ಈಗ ಮಜಾ ಕೇಳಿ. ನಮ್ಮ ಆಕ್ಷನ್ಸ್ ಓಡ್ತಿದ್ದದ್ದು ಉಬುಂಟು (ಲಿನಕ್ಸ್) ಮೇಲೆ, ಯಾವಾಗ್ಲೂ ಹಸಿರು ಟಿಕ್. ಹುಡುಗ್ರ ಹತ್ರ ಇರೋದೆಲ್ಲ ವಿಂಡೋಸ್. ಮೊದಲನೇ ಪಾಠದಲ್ಲಿ ಪಾಂಡಾಸ್ (ಟೇಬಲ್ ಡೇಟಾಗೆ ಬಳಸೋ ಲೈಬ್ರರಿ) ಇನ್ನೂ ಬಂದಿರಲ್ಲ, ಬರೀ ಓಪನ್ ಮಾಡಿ ಓದೋದು. ಒಬ್ಬ ಹುಡುಗ ಕೋಲಾರ, ಬಂಗಾರಪೇಟೆ ಸಾಲು ಮಾತ್ರ ಇಟ್ಕೊಂಡು ಫೈಲ್ ಓದಿಸಿದ, ಕನ್ನಡದ ಬದಲು ಯಾವ್ದೋ ಯುರೋಪಿನ ಅಕ್ಷರಗಳ ಸಂತೆ ಬಂತು, ಎರರ್ ಇಲ್ಲ. ಇನ್ನೊಬ್ಬನ ಫೈಲಲ್ಲಿ ಮಾಲೂರು ಇತ್ತು, ಅಲ್ಲಿ ಕೆಂಪಗೆ ಯೂನಿಕೋಡ್‌ಡಿಕೋಡ್‌ಎರರ್. ಊರಿನ ಹೆಸರು ನೋಡ್ಕೊಂಡು ಕೋಡ್ ಕೆಡತ್ತಾ ಅಂತ ಗ್ರೂಪಲ್ಲಿ ನಕ್ಕಿದ್ದೇ ನಕ್ಕಿದ್ದು, ಬಿಡಿಸಿ ನೋಡಿದ್ರೆ ನಿಜಕ್ಕೂ ಹಂಗೇ. ಎನ್‌ಕೋಡಿಂಗ್ (ಯಾವ ಬೈಟ್‌ಗೆ ಯಾವ ಅಕ್ಷರ ಅನ್ನೋ ಲೆಕ್ಕ) ಹೇಳದೇ ಓಪನ್ ಮಾಡಿದ್ರೆ ವಿಂಡೋಸ್‌ನಲ್ಲಿ ಪೈಥಾನ್ ಸಿಪಿ1252 ಅನ್ನೋ ಹಳೇ ಟೇಬಲ್ ಹಿಡ್ಕೊಳ್ಳತ್ತೆ. ಫೈಲ್ ಇರೋದು ಯುಟಿಎಫ್-8 ಅನ್ನೋ ಎನ್‌ಕೋಡಿಂಗ್‌ನಲ್ಲಿ, ಅಲ್ಲಿ ನಮ್ಮ ಒಂದೊಂದು ಅಕ್ಷರ, ಒಂದೊಂದು ಚಿಹ್ನೆಗೂ ಮೂರು ಬೈಟ್. ಹೆಕ್ಸ್ ಲೆಕ್ಕದಲ್ಲಿ ಉಕಾರದ ಚಿಹ್ನೆಯ ಕೊನೇ ಬೈಟ್ 81, ಒತ್ತಕ್ಷರದ ಮಧ್ಯೆ ಕೂರೋ ಹಲಂತದ್ದು 8ಡಿ, ಈ ಎರಡು ಮನೆ ಆ ಟೇಬಲ್‌ನಲ್ಲಿ ಖಾಲಿ. ಸೋ ಮಾಲೂರು, ಮುಳಬಾಗಿಲು, ತುಮಕೂರು, ಚಿಕ್ಕಬಳ್ಳಾಪುರ ಎಲ್ಲಾ ಒಡೆದುಹೋಗತ್ತೆ, ಕೋಲಾರ ಮಾತ್ರ ಸದ್ದಿಲ್ಲದೆ ತಪ್ಪು ಓದತ್ತೆ. ನನ್ನ ಪ್ರಕಾರ ಸದ್ದಿಲ್ಲದ್ದೇ ಹೆಚ್ಚು ಅಪಾಯ.

ಪರಿಹಾರ ಒಂದೇ ಸಾಲು, ಓಪನ್ ಒಳಗೆ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆಯೋದು. ಪೈಥಾನ್ 3.15ರಿಂದ ಅದೇ ಡೀಫಾಲ್ಟ್ ಅಂತ ತೀರ್ಮಾನ ಆಗಿದೆ, ಆದ್ರೆ ಲ್ಯಾಬ್‌ಗಳಲ್ಲಿ ಇರೋ ವರ್ಷನ್ ಯಾವ ಕಾಲದ್ದೋ. ಜೊತೆಗೆ ಆಕ್ಷನ್ಸ್‌ನಲ್ಲಿ ವಿಂಡೋಸ್ ಮೆಷಿನ್ನೂ ಸೇರಿಸಿದ್ವಿ, ಪಬ್ಲಿಕ್ ರೆಪೊಗೆ ಅದು ಫ್ರೀ. ಸ್ಯಾಂಪಲ್ ಫೈಲಲ್ಲಿ ಈಗ ಬೇಕಂತಲೇ ಶ್ರೀನಿವಾಸಪುರ, ಮುಳಬಾಗಿಲು, ಕೆಜಿಎಫ್ ಎಲ್ಲಾ ಇವೆ. ಒತ್ತು, ಉಕಾರ ಇಲ್ಲದ ಡೇಟಾ ಇಟ್ಕೊಂಡು ಕನ್ನಡ ಟೆಸ್ಟ್ ಮಾಡಿದ್ವಿ ಅನ್ನೋದ್ರಲ್ಲಿ ಅರ್ಥ ಇಲ್ಲ.

ಕೋಲಾರಕ್ಕೆ ಇನ್ನೊಂದು ಕಾಟ ಇದೆ. ಕೋ ಅನ್ನೋದ್ರ ಓ ಚಿಹ್ನೆನ ಯೂನಿಕೋಡ್‌ನಲ್ಲಿ ಒಂದೇ ಕೋಡ್ ಪಾಯಿಂಟ್ (ಒಂದು ಅಕ್ಷರ ಅಥವಾ ಚಿಹ್ನೆಯ ನಂಬರ್) ಆಗೂ ಬರೀಬಹುದು, ಮೂರು ತುಂಡಾಗಿ ಬಿಡಿಸಿಯೂ ಬರೀಬಹುದು. ಕಣ್ಣಿಗೆ ಎರಡೂ ಒಂದೇ, ಲೆಂತ್ ಕೇಳಿದ್ರೆ ಒಂದು 5 ಅನ್ನತ್ತೆ ಇನ್ನೊಂದು 7 ಅನ್ನತ್ತೆ, ಸಮಾನಾ ಅಂತ ಕೇಳಿದ್ರೆ ಫಾಲ್ಸ್. ಎಲ್ಲಿಂದಲೋ ಕಾಪಿ ಪೇಸ್ಟ್ ಮಾಡಿದ ಡೇಟಾದಲ್ಲಿ ಗ್ರೂಪ್‌ಬೈ ಹಾಕಿ ಊರಿನ ಪ್ರಕಾರ ಗುಂಪು ಮಾಡಿದ್ರೆ ಎರಡು ಕೋಲಾರ ಬರತ್ತೆ, ಹುಡುಗ್ರು ಸ್ಪೇಸ್ ಇರ್ಬೇಕು ಅಂತ ಸ್ಟ್ರಿಪ್ ಮಾಡಿ ಮಾಡಿ ಸುಸ್ತಾಗ್ತಾರೆ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಕರೆದು ಎನ್‌ಎಫ್‌ಸಿ (ತುಂಡುಗಳನ್ನ ಜೋಡಿಸಿ ಬರೆಯೋ ರೂಪ) ಕೊಟ್ರೆ ಎರಡೂ ಒಂದಾಗತ್ತೆ. ಇಂಗ್ಲಿಷ್ ಟ್ಯುಟೋರಿಯಲ್‌ಗಳ ಡೇಟಾ ಕ್ಲೀನಿಂಗ್ ಭಾಗದಲ್ಲಿ ಇದು ನನಗಂತೂ ಸಿಕ್ಕಿದ್ದು ಅಪರೂಪ, ಕನ್ನಡದವರಿಗೆ ಮೊದಲ ಪುಟದಲ್ಲೇ ಬೇಕಾದ್ದು.

ಮೆಷಿನ್ ಟೆಸ್ಟ್ ಆದ್ಮೇಲೆ ಮನುಷ್ಯರ ಟೆಸ್ಟ್. ಪಕ್ಕದ ಮನೆ ಹುಡುಗಿ ಬಿಸಿಎ ಓದ್ತಾಳೆ, ಅವಳ ಲ್ಯಾಪ್‌ಟಾಪಲ್ಲೇ ಪಾಠ ತೆಗೆಸಿ ಹಿಂದೆ ಕೂತ್ಕೋತೀನಿ, ಬಾಯಿ ಬಿಡೋ ಹಾಗಿಲ್ಲ ಅನ್ನೋದು ನನಗೆ ನಾನೇ ಹಾಕ್ಕೊಂಡಿರೋ ರೂಲು. ಕಷ್ಟ ಸ್ವಾಮಿ, ಬೆರಳು ಹೋಗಿ ಕೀಬೋರ್ಡ್ ಮುಟ್ಟಬೇಕು ಅನ್ಸತ್ತೆ. ಇನ್‌ಸ್ಟಾಲ್ ಕಮಾಂಡ್ ಮುಂದೆ ಇದ್ದ ಡಾಲರ್ ಚಿಹ್ನೆನೂ ಸೇರಿಸಿ ಪೇಸ್ಟ್ ಮಾಡಿದ್ಲು, ಎರರ್ ಬಂತು. "ಅಣ್ಣ, ಇದನ್ನ ಎಲ್ಲಿ ಟೈಪ್ ಮಾಡೋದು, ಇಲ್ಲೋ ಅಲ್ಲೋ?" ಅಂದ್ಲು. ನಾನು ಸುಮ್ನೆ ಬರ್ಕೊಂಡೆ. ಆಮೇಲೆ ಫೈಲ್‌ನಾಟ್‌ಫೌಂಡ್‌ಎರರ್, ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿದೆ, ನೋಟ್‌ಬುಕ್ ಡೆಸ್ಕ್‌ಟಾಪ್‌ನಲ್ಲಿದೆ. "ನೀವ್ ಬರೆದಿರೋದ್ರಲ್ಲಿ ಎಲ್ಲಿಡ್ಬೇಕು ಅಂತಾನೇ ಇಲ್ವಲ್ಲಣ್ಣ." ಇವಕ್ಕೆ ಯಾವ ಆಕ್ಷನ್ಸೂ ಕೆಂಪು ಕ್ರಾಸ್ ತೋರ್ಸಲ್ಲ. ಡಾಲರ್ ಚಿಹ್ನೆ ಎಲ್ಲಾ ಪಾಠದಿಂದ ಕಿತ್ತು ಹಾಕಿದ್ವಿ, ಫೋಲ್ಡರ್ ಹೇಗಿರ್ಬೇಕು ಅನ್ನೋದಕ್ಕೆ ಒಂದು ಸ್ಕ್ರೀನ್‌ಶಾಟ್ ಹಾಕಿದ್ವಿ.

ವರ್ಷನ್ ಬಗ್ಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ರಿಕ್ವೈರ್‌ಮೆಂಟ್ಸ್ ಫೈಲಲ್ಲಿ (ಬೇಕಾದ ಲೈಬ್ರರಿಗಳ ಪಟ್ಟಿ) ಪ್ರತಿ ಲೈಬ್ರರಿಗೂ ವರ್ಷನ್ ನಂಬರ್ ಕಟ್ಟಿ ಹಾಕಿ. ಏಪ್ರಿಲ್ 2023ರಲ್ಲಿ ಪಾಂಡಾಸ್ 2.0 ಬಂದಾಗ ಡೇಟಾಫ್ರೇಮ್‌ಗೆ (ಪಾಂಡಾಸ್‌ನ ಟೇಬಲ್) ಸಾಲು ಸೇರಿಸೋ ಅಪೆಂಡ್ ತೆಗೆದೇ ಬಿಟ್ರು, ಹಳೇ ಪಾಠಗಳು ಒಂದೇ ಏಟಿಗೆ ಮಲಗಿದ್ವು, ಅಲ್ಲೆಲ್ಲ ಕಾನ್‌ಕ್ಯಾಟ್ ಹಾಕ್ಬೇಕು. ಆದ್ರೆ ನಂಬರ್ ಕಟ್ಟಿ ಮರೆತುಬಿಟ್ರೆ ಪಾಠ ಹಳಸತ್ತೆ, ಹುಡುಗ್ರು ಹೇಗೂ ಹೊಸದನ್ನೇ ಇನ್‌ಸ್ಟಾಲ್ ಮಾಡ್ಕೊಂಡು ಬರ್ತಾರೆ. ಅದಕ್ಕೆ ವಾರಕ್ಕೊಂದು ಸಲ, ಯಾರೂ ಏನೂ ಬದಲಾಯಿಸದಿದ್ರೂ, ನಂಬರ್ ಬಿಚ್ಚಿ ಎಲ್ಲಾ ಹೊಸ ವರ್ಷನ್ ಮೇಲೂ ಓಡಿಸೋ ಶೆಡ್ಯೂಲ್ ಇಟ್ಟಿದೀವಿ.

ಈಗ ಗ್ರೂಪಲ್ಲಿ ನಡೀತಿರೋ ಜಗಳ ಔಟ್‌ಪುಟ್ ಬಗ್ಗೆ. ನೋಟ್‌ಬುಕ್ ಒಳಗಡೆ ಇರೋದು ಜೇಸನ್ ಅನ್ನೋ ಟೆಕ್ಸ್ಟ್, ಗ್ರಾಫ್ ಚಿತ್ರವೆಲ್ಲ ಉದ್ದುದ್ದ ಅಕ್ಷರವಾಗಿ ಅದರೊಳಗೇ ಕೂತಿರತ್ತೆ, ಒಂದು ಕಾಮಾ ತಿದ್ದಿದ್ರೂ ಡಿಫ್ (ಹಳೇದಕ್ಕೂ ಹೊಸದಕ್ಕೂ ಇರೋ ವ್ಯತ್ಯಾಸ) ನೋಡೋಕಾಗಲ್ಲ, ಹಾಗಾಗಿ ರೆಪೊಗೆ ಕಮಿಟ್ ಮಾಡೋ ಮುಂಚೆ ಎನ್‌ಬಿಸ್ಟ್ರಿಪ್‌ಔಟ್ ಹಾಕಿ ಔಟ್‌ಪುಟ್ ಅಳಿಸಿ ಅಂತ ಒಂದು ಪಾರ್ಟಿ. ಔಟ್‌ಪುಟ್ ಇಲ್ದಿದ್ರೆ ಬಸ್ಸಲ್ಲಿ ಫೋನ್ ಹಿಡ್ಕೊಂಡು ಬರೀ ಓದೋರಿಗೆ ಏನು ಕಾಣತ್ತೆ ಅಂತ ಇನ್ನೊಂದು ಪಾರ್ಟಿ. ನಾನು ಮಧ್ಯದಲ್ಲಿದೀನಿ: ರೆಪೊದಲ್ಲಿ ಅಳಿಸಿದ್ದೇ ಇರ್ಲಿ, ಆಕ್ಷನ್ಸ್ ಓಡಿಸಿದ ಮೇಲೆ ಔಟ್‌ಪುಟ್ ಸಮೇತ ಎಚ್‌ಟಿಎಂಎಲ್ ಮಾಡಿ ಬೇರೆ ಬ್ರಾಂಚ್‌ಗೆ ಹಾಕ್ಲಿ ಅಂತ ಪುಲ್ ರಿಕ್ವೆಸ್ಟ್ ಕಳಿಸಿದೀನಿ. ಇನ್ನೂ ಮರ್ಜ್ ಆಗಿಲ್ಲ.