ಎರಡು ಗಾಜಿನ ನಡುವೆ ಮ್ಯೂಆನ್ ಹಿಡಿದ ದಿನಗಳು

ನನ್ನ ಪಿಎಚ್‌ಡಿಯ ಮೊದಲ ವರ್ಷ ಹೆಚ್ಚಾಗಿ ಕಳೆದದ್ದು ಗಾಜು ಅಂಟಿಸುವುದರಲ್ಲಿ. ಕಣ ಭೌತಶಾಸ್ತ್ರ ಅಂದರೆ ಜಿನೀವಾ ಹತ್ತಿರ ಕಣಗಳನ್ನು ಡಿಕ್ಕಿ ಹೊಡೆಸುವ 27 ಕಿಲೋಮೀಟರ್ ಸುರಂಗವೇ ಎಲ್ಲರಿಗೂ ನೆನಪಾಗುವುದು. ನನ್ನ ಮೇಜಿನ ಮೇಲಿದ್ದದ್ದು ಎರಡು ಗಾಜು, ಎಪಾಕ್ಸಿ ಅಂಟು ಮತ್ತು ಒಂದು ಡಬ್ಬಿ ಪ್ಲಾಸ್ಟಿಕ್ ಗುಂಡಿ.

ನಾವು ಮಾಡುತ್ತಿದ್ದ, ಕಣಗಳನ್ನು ಪತ್ತೆಹಚ್ಚುವ ಡಿಟೆಕ್ಟರಿಗೆ ಆರ್‌ಪಿಸಿ (ರೆಸಿಸ್ಟಿವ್ ಪ್ಲೇಟ್ ಚೇಂಬರ್) ಅನ್ನುತ್ತಾರೆ. 3 ಮಿ.ಮೀ. ದಪ್ಪದ ಎರಡು ಗಾಜು, ನಡುವೆ 2 ಮಿ.ಮೀ. ಸಂದು. ಆ ಸಂದಿನಲ್ಲಿ ಅನಿಲ ಹರಿಯುತ್ತಿರುತ್ತದೆ. ಅದರಲ್ಲಿ ಬಹುಪಾಲು, ಫ್ರಿಜ್‌ನಲ್ಲಿ ಬಳಸುವ ಆರ್-134ಎ, ಜೊತೆಗೆ ಸ್ವಲ್ಪ ಐಸೋಬ್ಯೂಟೇನ್. ಗಾಜಿನ ಹೊರಮೈಗೆ ಗ್ರಾಫೈಟ್ ಬಣ್ಣ ಬಳಿದು ಸುಮಾರು 10,000 ವೋಲ್ಟ್ ಕೊಡುತ್ತೇವೆ. ಮ್ಯೂಆನ್ ಅಂದರೆ ಎಲೆಕ್ಟ್ರಾನ್‌ನಂಥದೇ ಆದರೆ ಅದಕ್ಕಿಂತ ಭಾರದ, ಆಕಾಶದಿಂದ ಸದಾ ಸುರಿಯುವ ಕಣ. ಅದು ಒಂದು ಹಾದುಹೋದರೆ ಅನಿಲದಿಂದ ಕೆಲವು ಎಲೆಕ್ಟ್ರಾನ್ ಕಿತ್ತು ಬರುತ್ತವೆ. ಅವು ಓಡುತ್ತಾ ಇನ್ನಷ್ಟನ್ನು ಕೀಳುತ್ತವೆ. ಹೊರಗಿನ ಲೋಹದ ಪಟ್ಟಿಯಲ್ಲಿ ಸಿಗ್ನಲ್ ಬರುತ್ತದೆ.

ಆ 2 ಮಿ.ಮೀ. ಎಲ್ಲ ಕಡೆ ಒಂದೇ ಸಮ ಇರಬೇಕು. ಗಾಜುಗಳ ನಡುವೆ ಆ ಗುಂಡಿಗಳು ಇರುವುದೇ ಅದಕ್ಕೆ. ನಾನು ಮಾಡಿದ ಮೂರನೇ ಡಿಟೆಕ್ಟರ್ ಪೆಟ್ಟಿಗೆಯಲ್ಲಿ ಒಂದು ಗುಂಡಿ ಸರಿಯಾಗಿ ಅಂಟಿರಲಿಲ್ಲ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದನ್ನು ಹುಡುಕಲು ಒಳಗೆ ಸ್ವಲ್ಪ ಒತ್ತಡ ಕೊಟ್ಟು, ನೀರು ತುಂಬಿದ ಯು ಆಕಾರದ ನಳಿಗೆ ಜೋಡಿಸುತ್ತೇವೆ. ಆಮೇಲೆ ಪ್ರತಿ ಗುಂಡಿಯ ಮೇಲೂ ಬೆರಳಿಂದ ಮೆಲ್ಲಗೆ ಒತ್ತುವುದು. ಗುಂಡಿ ಎರಡೂ ಗಾಜಿಗೆ ಅಂಟಿದ್ದರೆ ನೀರು ಕದಲುವುದಿಲ್ಲ. ಬಿಟ್ಟಿದ್ದರೆ ಗಾಜು ಒಳಕ್ಕೆ ಬಗ್ಗಿ ನೀರು ಮೇಲೇರುತ್ತದೆ. ಹಿರಿಯ ಟೆಕ್ನಿಷಿಯನ್ ಒಬ್ಬರು ನನ್ನ ಕೈ ಹಿಡಿದು ಇದನ್ನು ಕಲಿಸಿದರು. 'ಜೋರಾಗಿ ಒತ್ತಬೇಡಪ್ಪ, ಅಂಟಿರೋದೂ ಬಿಟ್ಟುಹೋಗುತ್ತೆ' ಅಂದಿದ್ದರು. ಆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೊಸದು ಶುರು ಮಾಡಿದೆ.

ಮಳೆಗಾಲದಲ್ಲಿ ಬೇರೆ ಪಾಡು. ತೇವ ಜಾಸ್ತಿಯಾದರೆ ಪೆಟ್ಟಿಗೆಯ ಹೊರಮೈಯಲ್ಲೇ ಕರೆಂಟ್ ಸೋರುತ್ತದೆ. ಮೀಟರ್ ಏರುತ್ತಾ ಹೋಗುತ್ತದೆ, ಒಳಗೇನೋ ಕೆಟ್ಟಿದೆ ಅನ್ನಿಸುತ್ತದೆ. ಎರಡು ವಾರ ಒಳಗೇ ಹುಡುಕಿದೆ. ಕೊನೆಗೆ ಕರೆಂಟ್ ಪಕ್ಕದಲ್ಲೇ ಕೋಣೆಯ ತೇವಾಂಶವನ್ನೂ ಬರೆದಿಡತೊಡಗಿದೆ. ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದವು. ಕೋಣೆಯ ತೇವ ತೆಗೆಯುವ ಯಂತ್ರ ಹಾಕಿದ ಮೇಲೆ ಮೀಟರ್ ತಣ್ಣಗಾಯಿತು.

ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ? ಬೇಕು. ನಾನು ಕೋಲಾರ ಕಡೆಯವನು. ಮೈಸೂರು ಸೀಮೆಯ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದಲ್ಲಿ ನಮ್ಮ ಚಿನ್ನದ ಗಣಿಗೆ ಇಳಿದು, ಎಷ್ಟು ಆಳಕ್ಕೆ ಎಷ್ಟು ಮ್ಯೂಆನ್ ತಲುಪುತ್ತದೆ ಅಂತ ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ, ಅಂದರೆ ಯಾವುದಕ್ಕೂ ಅಷ್ಟಾಗಿ ತಗಲದೆ ಹಾದುಹೋಗುವ ಕಣಗಳ, ಗುರುತು ಸಿಕ್ಕಿತು. ಮೇಲಿಂದ ಬರುವ ಮ್ಯೂಆನ್‌ಗಳನ್ನು ಬಂಡೆ ಬಹುತೇಕ ತಡೆಯುತ್ತದೆ; ಅಡ್ಡಡ್ಡ ಬರಬೇಕಾದರೆ ಇನ್ನೂ ಎಷ್ಟೋ ಬಂಡೆ ದಾಟಬೇಕು. ಹಾಗಾಗಿ ಅಡ್ಡಡ್ಡ ಬಂದ ಮ್ಯೂಆನ್ ಅಂದರೆ ಅದು ನ್ಯೂಟ್ರಿನೋ ಬಂಡೆಗೆ ಬಡಿದು ಹುಟ್ಟಿಸಿದ್ದು. ಅಂಥವು ತಿಂಗಳುಗಟ್ಟಲೆ ಕಾದರೂ ಕೆಲವೇ. ಅದರಲ್ಲಿ ಒಂದು ಸುಳ್ಳು ಸಿಗ್ನಲ್ ಸೇರಿಕೊಂಡರೆ ಏನು ಗತಿ, ಯೋಚಿಸಿ.

ನೆಲದ ಮೇಲೆ ನಮಗೆ ಮ್ಯೂಆನ್‌ಗೆ ಬರವಿಲ್ಲ. ಚದರ ಸೆಂಟಿಮೀಟರ್‌ಗೆ ನಿಮಿಷಕ್ಕೆ ಸುಮಾರು ಒಂದು. ಅದರಿಂದಲೇ ಪೆಟ್ಟಿಗೆಯ ಪರೀಕ್ಷೆ. ಮೇಲೊಂದು ಕೆಳಗೊಂದು ಸಿಂಟಿಲೇಟರ್, ಅಂದರೆ ಕಣ ಹಾದರೆ ಮಿನುಗುವ, ಹಲಗೆ ಇಡುತ್ತೇವೆ. ಎರಡೂ ಒಟ್ಟಿಗೆ ಮಿನುಗಿದರೆ ನಡುವೆ ಮ್ಯೂಆನ್ ಹಾದಿದೆ ಅಂತ ಲೆಕ್ಕ. ಆಗ ನಮ್ಮ ಪೆಟ್ಟಿಗೆಯೂ ಹೂಂ ಅನ್ನಬೇಕು. ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋದೆ. ಮೊದಲು ನೂರರಲ್ಲಿ ಹತ್ತು, ಆಮೇಲೆ ಅರವತ್ತು, ಕೊನೆಗೆ ತೊಂಬತ್ತೈದು ದಾಟಿ ಅಲ್ಲೇ ನಿಂತಿತು.

ಮುಂದೆ ಅಂಥ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿದೆವು. ಒಂದು ಸಂಜೆ ಕಂಪ್ಯೂಟರ್ ಪರದೆಯಲ್ಲಿ ಹನ್ನೆರಡು ಚುಕ್ಕೆ ಮೂಡಿದವು, ಪದರಕ್ಕೊಂದು. ಪರದೆಗೆ ಸ್ಕೇಲ್ ಹಿಡಿದು ನೋಡಿದೆ. ಹನ್ನೆರಡೂ ಒಂದೇ ಗೆರೆಯಲ್ಲಿದ್ದವು.