ಕಚೇರಿಯ ಇಮೇಲನ್ನು ಸ್ವಂತ ಡೊಮೇನ್‌ಗೆ ತರುವ ಬಗೆ

ಜಿಮೇಲ್ ವಿಳಾಸ ಇರುವವರೆಗೂ ನೀವು ಗೂಗಲ್‌ನ ಬಾಡಿಗೆದಾರರೇ. ಮೊದಲು ಸ್ವಂತ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರು) ಪಡೆದು ವಿಳಾಸವನ್ನು ನಿಮ್ಮದಾಗಿಸಿಕೊಳ್ಳಿ. ಸರ್ವರ್ ಯಾರದೆಂಬುದನ್ನು ಆಮೇಲೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಡಾಟ್ ಇನ್ ಡೊಮೇನ್ ಒಳ್ಳೆಯದು, ಅದರ ನೋಂದಣಿ ವ್ಯವಸ್ಥೆ ಭಾರತದ ನಿಕ್ಸಿ ಸಂಸ್ಥೆಯ ಅಧೀನದಲ್ಲಿದೆ. ಡೊಮೇನ್ ನೋಂದಾಯಿಸಿದ ಕಂಪನಿಯಲ್ಲಿನ ನಿಮ್ಮ ಖಾತೆಗೆ ಮಾತ್ರ ಅದೇ ಡೊಮೇನಿನ ಇಮೇಲ್ ಕೊಡಬೇಡಿ. ಮೇಲ್ ನಿಂತರೆ ಪಾಸ್‌ವರ್ಡ್ ಬದಲಿಸುವ ಲಿಂಕೂ ನಿಮಗೆ ತಲುಪುವುದಿಲ್ಲ.

ಮನೆಯಲ್ಲೇ ಮೇಲ್ ಸರ್ವರ್ ಇಡುವ ಹುಮ್ಮಸ್ಸು ಬೇಡ. ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ಸರ್ವರ್‌ಗಳು ಪರಸ್ಪರ ಪತ್ರ ಸಾಗಿಸುವ ದಾರಿಯಾದ 25ನೇ ಪೋರ್ಟ್ ಸಾಮಾನ್ಯವಾಗಿ ಮುಚ್ಚಿರುತ್ತದೆ. ದೇಶದೊಳಗೆ ಸರ್ವರ್ ಇರುವ ಸೇವೆಯೊಂದನ್ನು ಹಿಡಿಯಿರಿ.

ಡೊಮೇನ್ ಈಗಾಗಲೇ ಬಳಕೆಯಲ್ಲಿದ್ದರೆ ಸರ್ವರ್ ಬದಲಿಸುವ ಒಂದೆರಡು ದಿನ ಮುಂಚೆ ಎಂಎಕ್ಸ್ ದಾಖಲೆಯ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿ. ಪತ್ರ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವುದು ಎಂಎಕ್ಸ್; ಡಿಎನ್‌ಎಸ್, ಅಂದರೆ ಡೊಮೇನ್ ಹೆಸರುಗಳ ವಿಳಾಸಪಟ್ಟಿಯಲ್ಲಿ ಅದೊಂದು ನಮೂದು. ಆ ನಮೂದನ್ನು ಬೇರೆ ಸರ್ವರ್‌ಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕೆಂಬ ಅವಧಿಯೇ ಟಿಟಿಎಲ್. ಹೊಸ ಸರ್ವರ್‌ನಲ್ಲಿ ಎಲ್ಲರ ಖಾತೆ ತೆರೆದ ಮೇಲೆಯೇ ಎಂಎಕ್ಸ್ ಬದಲಿಸಿ. ಕ್ರಮ ತಪ್ಪಿದರೆ ಬಂದ ಪತ್ರಗಳು ವಾಪಸ್ ಹೋಗುತ್ತವೆ.

ಹೆಚ್ಚಿನವರು ಎಡವುವುದು ಎಸ್‌ಪಿಎಫ್‌ನಲ್ಲಿ, ಅಂದರೆ ನಿಮ್ಮ ಡೊಮೇನ್ ಹೆಸರಲ್ಲಿ ಪತ್ರ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂದು ಹೇಳುವ ಡಿಎನ್‌ಎಸ್ ದಾಖಲೆಯಲ್ಲಿ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಹಳೆಯದನ್ನು ಅಳಿಸದೆ ಹೊಸದನ್ನು ಸೇರಿಸಿದರೆ ತಪಾಸಣೆಯೇ ವಿಫಲವಾಗಿ ಪತ್ರ ಸ್ಪ್ಯಾಮ್ ಸೇರಬಹುದು. ಅದರೊಳಗಿನ ಡಿಎನ್‌ಎಸ್ ಹುಡುಕಾಟಗಳು 10 ಮೀರಿದರೂ ಅದೇ ಗತಿ. ಪತ್ರ ನಿಮ್ಮದೇ ಎಂದು ಸಾಬೀತುಪಡಿಸುವ ಡಿಜಿಟಲ್ ಸಹಿಯಾದ ಡಿಕಿಮ್‌ಗೆ 2048 ಬಿಟ್ ಕೀಲಿ ಹಾಕಿ. ಅದು ಒಂದು ತುಂಡಿನ ಮಿತಿಯಾದ 255 ಅಕ್ಷರ ಮೀರುವುದರಿಂದ ಕೆಲವು ಡಿಎನ್‌ಎಸ್ ಪುಟಗಳಲ್ಲಿ ಎರಡು ತುಂಡು ಮಾಡಿ ಉದ್ಧರಣ ಚಿಹ್ನೆಯೊಳಗೆ ಕೊಡಬೇಕಾಗುತ್ತದೆ. ಈ ತಪಾಸಣೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಅನ್ನು ಮೊದಲು 'ನನ್' (none, ಏನೂ ಮಾಡಬೇಡ) ಎಂದಿಡಿ. ವರದಿಗಳನ್ನು ಕೆಲವು ವಾರ ನೋಡಿ ಬಿಗಿ ಮಾಡಿ.

ಹಳೆಯ ಪತ್ರಗಳನ್ನು ಹೊಸ ಖಾತೆಗೆ ತರಲು ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಸಾಕು. ಎರಡೂ ಖಾತೆಗಳನ್ನು ಐಮ್ಯಾಪ್‌ನಲ್ಲಿ (ಸರ್ವರ್‌ನಲ್ಲೇ ಇರುವ ಪತ್ರಗಳನ್ನು ತೆರೆಯುವ ವಿಧಾನ) ಜೋಡಿಸಿ ನಕಲಿಸಿ, ಸ್ಥಳಾಂತರಿಸಬೇಡಿ. ಜಿಮೇಲ್‌ನ 'ಆಲ್ ಮೇಲ್' ಕಡತಕೋಶ ಬಿಡಿ, ಇಲ್ಲವೇ ಅದೊಂದನ್ನೇ ತೆಗೆದುಕೊಳ್ಳಿ. ಎಲ್ಲ ಪತ್ರಗಳೂ ಇರುವ ಅದನ್ನೂ ಉಳಿದ ಕಡತಕೋಶಗಳನ್ನೂ ನಕಲಿಸಿದರೆ ಪ್ರತಿ ಪತ್ರ ಎರಡೆರಡಾಗುತ್ತದೆ. ಬ್ಯಾಂಕ್, ಜಿಎಸ್‌ಟಿ, ಆದಾಯ ತೆರಿಗೆ ಖಾತೆಗಳ ವಿಳಾಸ ಬದಲಾಗುವ ತನಕ ಹಳೆಯ ಖಾತೆಯಿಂದ ಫಾರ್ವರ್ಡ್ ಇರಲಿ.