ಆ್ಯಪ್ ಆಧಾರಿತ ಡೆಲಿವರಿ ಮತ್ತು ಸಾರಿಗೆ ಕೆಲಸಗಾರರು ತಮ್ಮ ದುಡಿಮೆಯನ್ನು ಕಾಪಾಡಿಕೊಳ್ಳುವ ಬಗೆ

ಡೆಲಿವರಿ ಹಾಗೂ ಸಾರಿಗೆ ಕೆಲಸಗಳಿಗೆ ಯಾಂತ್ರೀಕರಣದಿಂದ ಕುತ್ತು ಬರುತ್ತದೆ ಎಂದಾಗ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಚಾಲಕನಿಲ್ಲದ ಕಾರು ಮತ್ತು ತಾರಸಿಯ ಮೇಲೆ ಪೊಟ್ಟಣ ಇಳಿಸುವ ಡ್ರೋನ್. ಅಮೆರಿಕದ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್ ನಗರಗಳಲ್ಲಿ ವೇಮೊ ಸಂಸ್ಥೆಯ ಚಾಲಕರಹಿತ ಟ್ಯಾಕ್ಸಿಗಳು ಬಾಡಿಗೆಗೆ ಓಡುತ್ತಿರುವುದು ನಿಜ. 70ರಿಂದ 80 ಲಕ್ಷ ಚಾಲಕರು ಕೆಲಸ ಕಳೆದುಕೊಳ್ಳುತ್ತಾರೆಂಬ ಕಾರಣ ನೀಡಿ, ಅಂಥ ಕಾರುಗಳನ್ನು ಭಾರತಕ್ಕೆ ಬಿಡುವುದಿಲ್ಲವೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರ್‌ನಲ್ಲಿ ಹೇಳಿದ್ದರು. ಹಾಗೆಂದು ನಮ್ಮಲ್ಲಿ ಯಂತ್ರ ಕಾಲಿಟ್ಟಿಲ್ಲವೆಂದು ತಿಳಿಯಬಾರದು. ಬೆಂಗಳೂರಿನ ಹೊರವಲಯದ ಸೌಖ್ಯದಲ್ಲಿರುವ ಫ್ಲಿಪ್‌ಕಾರ್ಟ್ ವಿಂಗಡಣಾ ಕೇಂದ್ರದಲ್ಲಿ 2019ರಿಂದಲೇ ಸ್ವಯಂಚಾಲಿತ ಗಾಡಿಗಳು ಪಾರ್ಸೆಲ್‌ಗಳನ್ನು ಪಿನ್‌ಕೋಡ್ ಪ್ರಕಾರ ಬೇರ್ಪಡಿಸುತ್ತಿವೆ. ರಸ್ತೆಗಿಳಿದವರ ವಿಷಯಕ್ಕೆ ಬಂದರೆ, ಯಾವ ಆರ್ಡರ್ ಯಾರಿಗೆ ಹೋಗಬೇಕು, ಅದಕ್ಕೆ ಎಷ್ಟು ಹಣ, ಇನ್ಸೆಂಟಿವ್ (ಗುರಿ ಮುಟ್ಟಿದರೆ ಸಿಗುವ ಹೆಚ್ಚುವರಿ ಹಣ) ಸಿಗಲು ಇನ್ನೆಷ್ಟು ಆರ್ಡರ್ ಮುಗಿಸಬೇಕು, ಯಾರ ಐಡಿ (ಆ್ಯಪ್‌ನಲ್ಲಿರುವ ಕೆಲಸಗಾರನ ಖಾತೆ) ಬ್ಲಾಕ್ ಆಗಬೇಕು ಎಂಬುದನ್ನೆಲ್ಲ ತೀರ್ಮಾನಿಸುತ್ತಿರುವುದು ತಂತ್ರಾಂಶವೇ. ಹಿಂದೆ ಮೇಸ್ತ್ರಿಯೊಬ್ಬ ನಿಂತಿದ್ದ ಜಾಗದಲ್ಲಿ ಈಗ ಮಾತಿಗೆ ಸಿಗದ ವ್ಯವಸ್ಥೆಯೊಂದು ಕುಳಿತಿದೆ.

ಇದರ ಜೊತೆಗೆ ಕೆಲಸಕ್ಕೆ ಬರುವವರ ಸಂಖ್ಯೆಯೂ ಏರುತ್ತಿದೆ. ನೀತಿ ಆಯೋಗವು 2022ರ ವರದಿಯಲ್ಲಿ, 2020-21ರಲ್ಲಿ 77 ಲಕ್ಷದಷ್ಟಿದ್ದ ಗಿಗ್ ಕಾರ್ಮಿಕರು (ಕಾಯಂ ನೌಕರಿಯಿಲ್ಲದೆ ಕೆಲಸದ ಲೆಕ್ಕದಲ್ಲಿ ದುಡಿಯುವವರು) 2029-30ರ ಹೊತ್ತಿಗೆ 2.35 ಕೋಟಿ ಆಗಬಹುದೆಂದು ಅಂದಾಜಿಸಿತ್ತು. ಲಾಗಿನ್ ಆಗಿ ಕಾಯುವವರು ಹೆಚ್ಚಿದಷ್ಟೂ ದರ ಇಳಿಸುವುದು ಕಂಪನಿಗಳಿಗೆ ಸುಲಭವಾಗುತ್ತದೆ. ಈಗ ಈ ಕೆಲಸದಲ್ಲಿರುವವರು ಮತ್ತು ನಾಳೆ ಸೇರಬೇಕೆಂದಿರುವವರು ಏನೇನು ಮಾಡಿಟ್ಟುಕೊಳ್ಳಬೇಕೆಂಬುದನ್ನು ಮುಂದೆ ವಿವರಿಸಿದ್ದೇನೆ. ಕರ್ನಾಟಕದ ಕಾನೂನು ಮತ್ತು ಯೋಜನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಮೊದಲು ಕೈಗೆ ಉಳಿಯುವ ಹಣವನ್ನು ಲೆಕ್ಕ ಹಾಕಿ

ಆ್ಯಪ್ ತೋರಿಸುವ ಪೇಔಟ್, ಅಂದರೆ ಕಂಪನಿ ಪಾವತಿಸುವ ಮೊತ್ತ, ನಿಮ್ಮ ಸಂಪಾದನೆಯಲ್ಲ. ಒಂದು ದಿನ 11 ಗಂಟೆ ಲಾಗಿನ್ ಆಗಿದ್ದು 1,100 ರೂಪಾಯಿ ಬಂದಿತು, ಸ್ಕೂಟರ್ 120 ಕಿಲೋಮೀಟರ್ ಓಡಿತು ಎಂದಿಟ್ಟುಕೊಳ್ಳಿ. ಲೀಟರಿಗೆ 45 ಕಿಲೋಮೀಟರ್ ಮೈಲೇಜ್, ಪೆಟ್ರೋಲ್ ಬೆಲೆ 103 ರೂಪಾಯಿ ಎಂದು ಹಿಡಿದರೆ ಪೆಟ್ರೋಲಿಗೇ ಸುಮಾರು 275 ರೂಪಾಯಿ ಹೋಯಿತು. ಆಯಿಲ್, ಟೈರ್, ಬ್ರೇಕ್ ಶೂ, ಸರ್ವಿಸ್ ಎಲ್ಲ ಸೇರಿ ಕಿಲೋಮೀಟರಿಗೆ 50 ಪೈಸೆಯಂತೆ 60 ರೂಪಾಯಿ. ಒಂದು ಲಕ್ಷ ಕೊಟ್ಟು ಕೊಂಡ ಗಾಡಿಯನ್ನು 60,000 ಕಿಲೋಮೀಟರ್ ಓಡಿಸಿ 40,000ಕ್ಕೆ ಮಾರಿದರೆ ಗಾಡಿ ಸವೆದ ಬಾಬ್ತು ಕಿಲೋಮೀಟರಿಗೆ 1 ರೂಪಾಯಿ ಆಗುತ್ತದೆ, ಅಂದರೆ ಆ ದಿನದ ಪಾಲು 120. ಮೊಬೈಲ್ ಡೇಟಾಕ್ಕೆ 15 ಸೇರಿಸಿದರೆ ಒಟ್ಟು ಖರ್ಚು 470 ರೂಪಾಯಿ. ಕೈಯಲ್ಲಿ ಉಳಿದದ್ದು 630, ಗಂಟೆಗೆ 57 ರೂಪಾಯಿ. ಸಾಲದ ಕಂತು ಕಟ್ಟುವವರು ಗಾಡಿ ಸವೆತದ ಬದಲು ಕಂತಿನ ದಿನದ ಪಾಲನ್ನು ಕಳೆಯಬಹುದು. ಎರಡನ್ನೂ ಕಳೆದರೆ ಒಂದೇ ಖರ್ಚು ಎರಡು ಸಲ ಬಂದಂತಾಗುತ್ತದೆ.

ಕಿಲೋಮೀಟರ್ ಎಣಿಸುವಾಗ ಆ್ಯಪ್‌ನ ದೂರವನ್ನು ನಂಬದೆ ಗಾಡಿಯ ಮೀಟರನ್ನೇ ನೋಡಿ. ಮನೆಯಿಂದ ಮೊದಲ ಹೋಟೆಲಿನವರೆಗೆ ಹೋದದ್ದು, ಗ್ರಾಹಕರಿಗೆ ತಲುಪಿಸಿ ಖಾಲಿ ವಾಪಸ್ ಬಂದದ್ದು, ಆರ್ಡರ್ ಹೆಚ್ಚಿರುವ ಕಡೆ ಹುಡುಕಿಕೊಂಡು ಓಡಿದ್ದು ಯಾವುದಕ್ಕೂ ಹಣ ಬರದಿರಬಹುದು, ಪೆಟ್ರೋಲ್ ಮಾತ್ರ ನಿಮ್ಮದೇ. ಈ ಲೆಕ್ಕವನ್ನು ಪ್ರತಿ ದಿನ ಬರೆದಿಟ್ಟರೆ ಎರಡು ತಿಂಗಳಲ್ಲಿ ದರ ಇಳಿದಿದೆಯೇ, ದೂರ ಹೆಚ್ಚಿದೆಯೇ ಎಂಬುದು ಅಂಕಿಗಳಲ್ಲೇ ಕಾಣುತ್ತದೆ. ಇನ್ಸೆಂಟಿವ್ ಹಣವನ್ನು ಬೇರೆ ಕಾಲಂನಲ್ಲಿ ಬರೆಯಬೇಕು, ಏಕೆಂದರೆ ಮೊದಲು ಕಡಿತವಾಗುವುದು ಅದೇ. ಇನ್ಸೆಂಟಿವ್ ಇಲ್ಲದ ಗಳಿಕೆಯಿಂದ ಕಟ್ಟಲಾಗದ ಕಂತಿಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಹಬ್ಬದ ತಿಂಗಳ ಪೇಔಟ್ ನೋಡಿ ಕಾರಿಗೆ ಐದು ವರ್ಷದ ಸಾಲ ಮಾಡುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯದ ಹೆಜ್ಜೆಯೆಂದು ನನ್ನ ದೃಢ ಅಭಿಪ್ರಾಯ.

ಆ್ಯಪ್‌ನ ಹೊರಗೆ ನಿಮ್ಮದೇ ದಾಖಲೆ ಇರಲಿ

ಐಡಿ ಬ್ಲಾಕ್ ಆದ ದಿನ ಕೆಲಸ ಹೋಗುವುದರ ಜೊತೆಗೆ ಕೆಲಸ ಮಾಡಿದ್ದಕ್ಕೆ ಇದ್ದ ಪುರಾವೆಯೂ ಕೈಬಿಟ್ಟು ಹೋಗುತ್ತದೆ. ಲಾಗಿನ್ ಆಗಲು ಸಾಧ್ಯವಾಗದಿದ್ದರೆ ಹಳೆಯ ಆರ್ಡರ್‌ಗಳು, ರೇಟಿಂಗ್, ವಾರದ ಪೇಔಟ್, ಸಹಾಯ ಕೇಂದ್ರದೊಡನೆ ನಡೆಸಿದ ಚಾಟ್ ಒಂದನ್ನೂ ತೆರೆಯಲಾಗುವುದಿಲ್ಲ. ಆದ್ದರಿಂದ ಕೆಲಸ ಸರಿಯಾಗಿ ನಡೆಯುತ್ತಿರುವಾಗಲೇ ಇವುಗಳ ಸ್ಕ್ರೀನ್‌ಶಾಟ್ ತೆಗೆದು, ಫೋನಿನಲ್ಲಷ್ಟೇ ಬಿಡದೆ, ನಿಮ್ಮ ಇ-ಮೇಲ್‌ಗೋ ಮನೆಯವರ ವಾಟ್ಸ್ಆ್ಯಪ್‌ಗೋ ಕಳಿಸಿಡಿ. ಪ್ರೊಫೈಲ್ ಪುಟ ಮತ್ತು ಐಡಿ ಸಂಖ್ಯೆ, ಸೇರುವಾಗ ಒಪ್ಪಿಕೊಂಡ ಕರಾರು, ಸದ್ಯದ ರೇಟ್ ಕಾರ್ಡ್, ಪ್ರತಿ ವಾರದ ಪೇಔಟ್ ವಿವರ, ದಂಡ ಅಥವಾ ಕಡಿತದ ಸಂದೇಶ ಇವಿಷ್ಟು ಇರಲೇಬೇಕು. ರೇಟ್ ಕಾರ್ಡ್ ಬದಲಾದ ದಿನ ಹಳೆಯದೂ ಹೊಸದೂ ಎರಡೂ ನಿಮ್ಮಲ್ಲಿದ್ದರೆ ಮಾತ್ರ ಎಷ್ಟು ಕಡಿಮೆಯಾಯಿತೆಂದು ತೋರಿಸಬಹುದು.

ಈ ದಾಖಲೆಗಳಿಗೆ ಕಾನೂನಿನ ಬಲ ಬಂದಿರುವುದು ಇತ್ತೀಚೆಗೆ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಅದೇ ವರ್ಷ ಕಾಯ್ದೆಯಾದ ಕರ್ನಾಟಕದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯು, ಲಿಖಿತ ಕಾರಣ ಕೊಡದೆ ಹಾಗೂ 14 ದಿನಗಳ ಮುಂಚಿತ ನೋಟಿಸ್ ನೀಡದೆ ಕೆಲಸಗಾರನನ್ನು ತೆಗೆಯುವಂತಿಲ್ಲ ಎನ್ನುತ್ತದೆ. ಕರಾರಿನ ಷರತ್ತು ಬದಲಿಸುವಾಗಲೂ 14 ದಿನ ಮೊದಲೇ ತಿಳಿಸಬೇಕು, ಕರಾರು ಸರಳ ಭಾಷೆಯಲ್ಲಿರಬೇಕು, ಪಾವತಿಯಲ್ಲಿ ಕಡಿತ ಮಾಡಿದರೆ ಕಾರಣ ನಮೂದಿಸಬೇಕು. ಸ್ವಯಂಚಾಲಿತ ವ್ಯವಸ್ಥೆಯು ನಿಮ್ಮ ಕೆಲಸದ ಮೇಲೆ ಹೇಗೆ ನಿಗಾ ಇಡುತ್ತದೆ, ನಿಮ್ಮ ಗಳಿಕೆಯನ್ನು ಹೇಗೆ ನಿರ್ಧರಿಸುತ್ತದೆ ಎಂಬುದನ್ನು ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದೂ ಕಂಪನಿಯ ಹೊಣೆ. ತಂತ್ರಾಂಶದ ತೀರ್ಮಾನವನ್ನು ಪ್ರಶ್ನಿಸುವ ದಾರಿ ಇಷ್ಟರಮಟ್ಟಿಗೆ ತೆರೆದಿರುವುದು ನಿಜಕ್ಕೂ ದೊಡ್ಡ ಸಂಗತಿ. ಆದರೆ ಈ ಕಾಯ್ದೆ ಕನಿಷ್ಠ ಗಳಿಕೆಯನ್ನು ಖಾತರಿಪಡಿಸುವುದಿಲ್ಲ. ಈ ಕೊರತೆಯನ್ನು ಮರೆಮಾಚಿ ಮಾತನಾಡುವುದು ಕೆಲಸಗಾರರಿಗೆ ಮಾಡುವ ಅನ್ಯಾಯ.

ಐಡಿ ಬ್ಲಾಕ್ ಆದಾಗ ಟೀಮ್ ಲೀಡರ್‌ಗೆ ಫೋನ್ ಮಾಡಿ ಅಂಗಲಾಚುವುದು ವಾಡಿಕೆ. ಫೋನ್ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಅದೇ ದಿನ ಬರಹದಲ್ಲೂ ಕೇಳಿ. ಹೆಚ್ಚು ಮಾತು ಬೇಕಿಲ್ಲ. "ನನ್ನ ಐಡಿಯನ್ನು ಇಂಥ ದಿನಾಂಕ, ಇಷ್ಟು ಗಂಟೆಗೆ ಸ್ಥಗಿತಗೊಳಿಸಲಾಗಿದೆ. ಇದಕ್ಕೆ ಮುಂಚಿತ ನೋಟಿಸ್ ಬಂದಿಲ್ಲ. ಕಾರಣವನ್ನು ಲಿಖಿತವಾಗಿ ತಿಳಿಸಬೇಕು, ಯಾವ ಆರ್ಡರ್‌ಗೆ ಸಂಬಂಧಿಸಿದ ದೂರು ಎಂಬುದನ್ನು ನಮೂದಿಸಬೇಕು ಮತ್ತು ಬಾಕಿ ಇರುವ ಪೇಔಟ್ ಪಾವತಿಸಬೇಕೆಂದು ಕೋರುತ್ತೇನೆ" ಎಂದು ಬರೆದು, ಐಡಿ ಸಂಖ್ಯೆ ಸೇರಿಸಿ ಇ-ಮೇಲ್ ಕಳಿಸಿದರೆ ಸಾಕು. 50ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿಗಳು ಆಂತರಿಕ ವ್ಯಾಜ್ಯ ಪರಿಹಾರ ಸಮಿತಿ ರಚಿಸಬೇಕೆಂದು ಕಾಯ್ದೆ ಹೇಳುತ್ತದೆ. ನಿಮ್ಮ ದೂರು ಆ ಸಮಿತಿಗೆ ಹೋಗಬೇಕೆಂದೂ ಬರೆಯಿರಿ. ಸಹಾಯ ಕೇಂದ್ರದಿಂದ ಬರುವ ಸಿದ್ಧ ಉತ್ತರಗಳನ್ನು ಅಳಿಸಬೇಡಿ, ಮನುಷ್ಯರಾರೂ ನಿಮ್ಮ ದೂರನ್ನು ಓದಿಲ್ಲವೆಂದು ತೋರಿಸಲು ಅವೇ ಬೇಕಾಗುತ್ತವೆ.

ನೋಂದಣಿ ಮತ್ತು ವಿಮೆ

ಕೇಂದ್ರ ಸರ್ಕಾರದ ಇ-ಶ್ರಮ್ ಪೋರ್ಟಲ್‌ನಲ್ಲಿ ಪ್ಲಾಟ್‌ಫಾರ್ಮ್ ಕಾರ್ಮಿಕರೆಂದು ಹೆಸರು ನೋಂದಾಯಿಸಿಕೊಂಡರೆ 12 ಅಂಕಿಗಳ ಗುರುತಿನ ಸಂಖ್ಯೆ ಸಿಗುತ್ತದೆ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಸಾಕು, ಸಂದೇಹವಿದ್ದರೆ 14434ಕ್ಕೆ ಕರೆ ಮಾಡಬಹುದು. ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮಾ ಯೋಜನೆಗೂ ಅರ್ಜಿ ಹಾಕಿ. ನೀವು ವಿಮಾ ಕಂತು ಕಟ್ಟಬೇಕಿಲ್ಲದ ಈ ಯೋಜನೆಯಲ್ಲಿ 2 ಲಕ್ಷದ ಜೀವ ವಿಮೆ ಮತ್ತು 2 ಲಕ್ಷದ ಅಪಘಾತ ವಿಮೆ ಇದೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಸ್ವತಃ ಅರ್ಜಿ ತುಂಬಲು ಬಾರದಿದ್ದರೆ ಹತ್ತಿರದ ಸೇವಾ ಕೇಂದ್ರದಲ್ಲಿ ಮಾಡಿಸಿಕೊಳ್ಳಬಹುದು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ 2 ಲಕ್ಷದ ಅಪಘಾತ ವಿಮೆ ನೀಡುತ್ತದೆ. ಇವುಗಳ ಬಗ್ಗೆ ಮನೆಯವರಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಹಣ ಕೇಳುವವರೇ ಇರುವುದಿಲ್ಲ.

ಗಾಡಿಯ ವಿಮಾ ಪತ್ರವನ್ನು ಇಂದೇ ತೆಗೆದು ನೋಡಿ. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ಗಾಡಿಯನ್ನು ಬಾಡಿಗೆ ದುಡಿಮೆಗೆ ಬಳಸಿದ್ದು ಗೊತ್ತಾದರೆ ಹಾನಿಯ ಪರಿಹಾರವನ್ನು ತಿರಸ್ಕರಿಸಲು ವಿಮಾ ಕಂಪನಿಗೆ ದಾರಿಯಾಗುತ್ತದೆ. ಡೆಲಿವರಿ ಕಂಪನಿ ಕೊಡುವ ವಿಮೆಯಾದರೆ ಅದು ಆರ್ಡರ್ ಕೈಯಲ್ಲಿರುವಾಗ ಮಾತ್ರ ಅನ್ವಯವೇ ಅಥವಾ ಆರ್ಡರ್‌ಗೆ ಕಾಯುವಾಗಲೂ ಅನ್ವಯವೇ ಎಂಬುದನ್ನು ಓದಿ ತಿಳಿದುಕೊಳ್ಳಿ. ಅಪಘಾತವಾದಾಗ ಸಾಧ್ಯವಾದರೆ ಆರ್ಡರ್ ತೆರೆದಿರುವ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ, ಆಸ್ಪತ್ರೆಯ ಚೀಟಿಯಲ್ಲಿ "ರಸ್ತೆ ಅಪಘಾತ" ಎಂದು ಬರೆಸಿ, ಪೊಲೀಸ್ ದೂರು ದಾಖಲಿಸಿ.

ಒಂದೇ ಆ್ಯಪ್, ಒಂದೇ ಬಗೆಯ ಕೆಲಸಕ್ಕೆ ಕಟ್ಟುಬೀಳದಿರಿ

ನ್ಯಾಯಾಲಯದ ಆದೇಶದಂತೆ 2025ರ ಜೂನ್ ಮಧ್ಯದಲ್ಲಿ ಕರ್ನಾಟಕದಲ್ಲಿ ಬೈಕ್ ಟ್ಯಾಕ್ಸಿ ಸೇವೆ ನಿಂತಾಗ, ಅದನ್ನೇ ನೆಚ್ಚಿದ್ದವರ ಗಳಿಕೆ ದಿನ ಬೆಳಗಾಗುವುದರೊಳಗೆ ನಿಂತುಹೋಯಿತು. ಯಂತ್ರವೇ ಬರಬೇಕೆಂದಿಲ್ಲ, ಒಂದು ನಿಯಮ ಅಥವಾ ಒಂದು ಕಂಪನಿಯ ತೀರ್ಮಾನವೂ ಅಷ್ಟೇ ಕೆಲಸ ಮಾಡುತ್ತದೆ. ಆಟೊ ಚಾಲಕರಿಗೆ 'ನಮ್ಮ ಯಾತ್ರಿ'ಯಂಥ, ಕಮಿಷನ್ ಬದಲು ಚಂದಾ ಪಡೆಯುವ ಆ್ಯಪ್ ಇರುವುದರಿಂದ ಆಯ್ಕೆ ಸ್ವಲ್ಪ ಹೆಚ್ಚು. ಊಟ ತಲುಪಿಸುವವರು ಕನಿಷ್ಠ ಎರಡು ಆ್ಯಪ್‌ಗಳಲ್ಲಿ ಐಡಿ ಚಾಲ್ತಿಯಲ್ಲಿಡುವುದು ಒಳ್ಳೆಯದು, ಆದರೆ ಇನ್ನೊಬ್ಬರ ಐಡಿಯಲ್ಲಿ ಓಡಿಸಬೇಡಿ. ಅಪಘಾತವಾದರೆ ನಿಮ್ಮ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಬೈಕಿನ ಲೈಸೆನ್ಸ್ ಮಾತ್ರ ಇರುವವರು ಕೈಗೆ ಹಣ ಬಂದ ತಿಂಗಳು ಲಘು ಮೋಟಾರು ವಾಹನದ ಲೈಸೆನ್ಸ್ ಮಾಡಿಸಿಕೊಳ್ಳಲಿ. ಈ ಲೈಸೆನ್ಸ್ ಇರುವವರು 7,500 ಕಿಲೋಗ್ರಾಂಗಿಂತ ಕಡಿಮೆ ತೂಕದ ಸರಕು ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಒಂದು ವರ್ಷ ಕಳೆದ ಮೇಲೆ ಭಾರಿ ವಾಹನದ ಲೈಸೆನ್ಸ್‌ಗೂ ಪ್ರಯತ್ನಿಸಬಹುದು. ಗಾಡಿ ಓಡಿಸುವುದು ಬೇಡವೆನಿಸಿದವರಿಗೆ ವಿದ್ಯುತ್ ವಾಹನಗಳ ರಿಪೇರಿ, ಬ್ಯಾಟರಿ ಮತ್ತು ವೈರಿಂಗ್ ಕೆಲಸ ಕಲಿಯುವುದು ಒಳ್ಳೆಯ ದಾರಿ, ಏಕೆಂದರೆ ಡೆಲಿವರಿ ಗಾಡಿಗಳೇ ಬೇಗ ಬೇಗ ವಿದ್ಯುತ್ತಿಗೆ ತಿರುಗುತ್ತಿವೆ.

ಜೊತೆಯಾಗಿ ಕೇಳಿ

ಒಬ್ಬನ ಸ್ಕ್ರೀನ್‌ಶಾಟ್ ಒಬ್ಬನ ದೂರು ಮಾತ್ರ. ಒಂದೇ ಪ್ರದೇಶದಲ್ಲಿ, ಒಂದೇ ದಿನ, ಒಂದೇ ದೂರಕ್ಕೆ ಇಪ್ಪತ್ತು ಮಂದಿಗೆ ಬಂದ ದರವನ್ನು ಒಂದು ಹಾಳೆಯಲ್ಲಿ ಬರೆದರೆ ತಂತ್ರಾಂಶ ಯಾರಿಗೆ ಎಷ್ಟು ಕಡಿಮೆ ಮಾಡುತ್ತಿದೆ ಎಂಬುದು ಹೊರಬೀಳುತ್ತದೆ, ಒಬ್ಬಂಟಿಯಾಗಿ ಅದನ್ನು ಕಾಣಲು ಯಾರಿಂದಲೂ ಆಗದು. ನಿಮ್ಮ ಕಡೆಯ ಕಾರ್ಮಿಕ ಸಂಘವನ್ನು ಸೇರಿ. ಸಂಘವಿಲ್ಲದಿದ್ದರೆ ಡಾರ್ಕ್ ಸ್ಟೋರ್ (ಆನ್‌ಲೈನ್ ಆರ್ಡರ್‌ಗಳಿಗೆಂದೇ ಸರಕು ಇಟ್ಟಿರುವ ಮಳಿಗೆ) ಮುಂದೆ ದಿನವೂ ಸೇರುವ ಗುಂಪಿನಿಂದಲೇ ಶುರುಮಾಡಿ. ಹೆಸರು ಹೊರಬಿದ್ದರೆ ಐಡಿ ಹೋಗುತ್ತದೆಂಬ ಭಯ ಸಹಜ, ಹಾಗಾಗಿ ಹಾಳೆಯಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ, ಹೆಸರಿನ ಪಟ್ಟಿಯನ್ನು ನಂಬಿಕಸ್ಥರೊಬ್ಬರ ಬಳಿ ಪ್ರತ್ಯೇಕವಾಗಿ ಇಡಿ. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಂಪನಿಯಿಂದ ಪಡೆಯಲು ಕಾಯ್ದೆ ಅವಕಾಶ ಕೊಟ್ಟಿದ್ದು, ಆ ಹಣವನ್ನು ನೋಡಿಕೊಳ್ಳುವ ಕಲ್ಯಾಣ ಮಂಡಳಿಯಲ್ಲಿ ಕೆಲಸಗಾರರ ಪ್ರತಿನಿಧಿಗಳಿಗೂ ಸ್ಥಾನವಿದೆ. ದರದ ಹಾಳೆಯನ್ನು ಮನವಿಯೊಂದಿಗೆ ಸೇರಿಸಿ ಈ ಮಂಡಳಿಗೂ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿಯಾದ ಕಾರ್ಮಿಕ ಭವನಕ್ಕೂ ಕೊಡಿ. ಜಿಲ್ಲೆಗಳಲ್ಲಿರುವವರು ತಮ್ಮ ಕಾರ್ಮಿಕ ಅಧಿಕಾರಿಯ ಕಚೇರಿಗೆ ಸಲ್ಲಿಸಬಹುದು. ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ತನ್ನಿ.